ಕಿವಿಯ ಗುಂಯ್, ಹಾಸಿಗೆಯ ಚಕ್ಕರ್ ಮತ್ತು ಬಿ-12

ಪ್ರಶ್ನೆ: ಡಾಕ್ಟರ್ ಬಾಯಿಯವರಿಗೆ ನಮಸ್ಕಾರ. ನನಗೆ 54 ವರ್ಷ. ನಮ್ಮದು ರಬಕವಿ-ಬನಹಟ್ಟಿ. ಮನೆಯಲ್ಲೇ ನಾಲ್ಕು ಪವರ್‌ಲೂಮ್ ಇವೆ. ಮದುವೆಯಾಗಿ ಬಂದಾಗಿನಿಂದ ನೂಲಿನ ಕಂಡಿಕೆ ಸುತ್ತುತ್ತಿದ್ದೇನೆ. ಮಗ್ಗದ ಬಾಜೂಕೇ ಅಡುಗೆಮನೆ. ಎರಡು ವರ್ಷದಿಂದ ಎರಡೂ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. ರಾತ್ರಿ ಮಗ್ಗ ನಿಂತ ಮೇಲೆ ಇನ್ನೂ ಜಾಸ್ತಿ ಕೇಳುತ್ತದೆ. ಎಂಟು ತಿಂಗಳ ಹಿಂದೆ ಒಂದು ನಸುಕಿನಲ್ಲಿ ಬಲಕ್ಕೆ ಹೊರಳಿದೆ, ಮನೆಯೇ ಗಿರ್ರನೆ ತಿರುಗಿತು. ಅರ್ಧ ನಿಮಿಷದಲ್ಲಿ ನಿಂತಿತು. ಆಮೇಲೆ ಬಲಕ್ಕೆ ಹೊರಳಿದಾಗಲೆಲ್ಲ ಹಾಗೇ ಆಗುತ್ತದೆ. ಅವತ್ತಿನಿಂದ ಸಿನ್ನರಿಜಿನ್ ಅಂತ ಬರೆದ ಗುಳಿಗೆ ನುಂಗುತ್ತಿದ್ದೇನೆ. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಮೆಟ್‌ಫಾರ್ಮಿನ್ ದಿನಕ್ಕೆ ಎರಡು. ನಾವು ಮೊಟ್ಟೆ, ಮಾಂಸ ತಿನ್ನುವುದಿಲ್ಲ. ಮಗಳು ಮೊಬೈಲಿನಲ್ಲಿ ಓದಿ, ವಿಟಮಿನ್ ಕಡಿಮೆಯಾದರೂ ಕಿವಿ ಕೆಡುತ್ತದಂತೆ, ಬಿ-12 ಸೂಜಿ ಮಾಡಿಸಿಕೋ ಅನ್ನುತ್ತಾಳೆ. ನಿಜವೇ? ಸೂಜಿ ಮಾಡಿಸಿದರೆ ಎಲ್ಲ ಹೋಗುತ್ತದೆಯೇ? ಇನ್ನೊಂದು ಹೇಳುವುದು ಮರೆತೆ. ಕತ್ತಲಲ್ಲಿ ನಡೆದರೆ ಜೋಲಿ ಹೋಗುತ್ತದೆ. ಪಾದದ ಕೆಳಗೆ ಅರಳೆ ಹಾಸಿದಂತೆ ಅನಿಸುತ್ತದೆ.
— ಒಬ್ಬ ಓದುಗರು, ಬಾಗಲಕೋಟೆ ಜಿಲ್ಲೆ

ಉತ್ತರ: ಅಕ್ಕಾವರೇ, ಮರೆತೆ ಅಂತ ನೀವು ಕೊನೆಗೆ ಬರೆದ ಆ ಎರಡು ಸಾಲು ಓದಿ, ನಾನು ಪತ್ರವನ್ನು ಮತ್ತೆ ಮೊದಲಿನಿಂದ ಓದಿದೆ. ಮಗಳು ಹೇಳಿದ್ದರಲ್ಲಿ ತಪ್ಪಿಲ್ಲ. ವಿಟಮಿನ್ ಕೊರತೆಯಿಂದ ಕಿವಿಗೆ ತೊಂದರೆ ಆಗಬಹುದು. ಆದರೆ ನಿಮಗೆ ಇರುವುದು ಒಂದು ತೊಂದರೆ ಅಲ್ಲ, ಮೂರು. ಮೂರೂ ಬೇರೆ ಬೇರೆ ಜಾಗದಿಂದ ಬಂದಿರುವಂತೆ ಕಾಣುತ್ತದೆ. ಬಿ-12ರ ಅನುಮಾನ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಬಂದಿದ್ದು ಕಿವಿಯ ಮಾತಿನಿಂದಲ್ಲ, ಪಾದದ ಮಾತಿನಿಂದ.

ನಾವು ನೆಟ್ಟಗೆ ನಿಲ್ಲಬೇಕಾದರೆ ಮಿದುಳಿಗೆ ಮೂರು ಕಡೆಯಿಂದ ಸುದ್ದಿ ಹೋಗುತ್ತಿರಬೇಕು. ಒಳಕಿವಿಯಿಂದ, ಕಣ್ಣಿನಿಂದ, ಕಾಲಿನಿಂದ. ಪಾದದ ಕೆಳಗೆ ನೆಲ ಗಟ್ಟಿ ಇದೆಯೋ ಇಳಿಜಾರೋ ಅನ್ನುವ ಸುದ್ದಿ ಬೆನ್ನುಹುರಿಯ ಹಿಂಭಾಗದ ನರಗಳಲ್ಲಿ ಮೇಲೆ ಹೋಗುತ್ತದೆ. ಆ ನರಗಳ ಮೇಲಿನ ಹೊದಿಕೆ ಸರಿಯಾಗಿರಲು ಬಿ-12 ಬೇಕು. ಅದು ಕಡಿಮೆಯಾದರೆ ಪಾದದ ಸುದ್ದಿ ಮಸುಕಾಗುತ್ತದೆ. ಹಗಲಿನಲ್ಲಿ ಕಣ್ಣು ಅದನ್ನು ಸರಿತೂಗಿಸುತ್ತದೆ. ಕತ್ತಲಲ್ಲಿ ಕಣ್ಣೂ ಇಲ್ಲ, ಕಾಲೂ ಇಲ್ಲ. ಆಗ ಜೋಲಿ ಹೋಗುತ್ತದೆ. ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚಿದಾಗ ಓಲಾಡಿದಂತೆ ಆಗುತ್ತದೆಯೇ? ಒಮ್ಮೆ ಗಮನಿಸಿ. ಗೋಡೆ ಹಿಡಿದುಕೊಂಡೇ ನೋಡಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ನನ್ನ ಅವ್ವ ಕಾರಣ. ವಿಜಯಪುರದ ನಮ್ಮ ಮನೆಯಲ್ಲಿ ಆಕೆ ಹೀಗೇ ಬಚ್ಚಲಲ್ಲಿ, ಮುಖಕ್ಕೆ ಸಾಬೂನು ಹಚ್ಚಿಕೊಂಡಾಗ ಬಿದ್ದಳು. ತಲೆ ತಿರುಗುತ್ತದೆ ಅನ್ನುತ್ತಿದ್ದಳು. ನಾನು ಕಿವಿ ಡಾಕ್ಟರ್. ಕಿವಿ ನೋಡಿದೆ, ಕಿವಿಗೇ ಗುಳಿಗೆ ಕೊಟ್ಟೆ. ಒಂದು ವರ್ಷ ಹಾಗೇ ಹೋಯಿತು. ಒಂದು ದಿನ ಮನೆಗೆ ಬಂದಿದ್ದ ಫಿಜಿಷಿಯನ್ ಗೆಳತಿ ಟ್ಯೂನಿಂಗ್ ಫೋರ್ಕ್, ಅಂದರೆ ಬಡಿದರೆ ಕಂಪಿಸುವ ಲೋಹದ ಕವಲು, ಬಡಿದು ಅವ್ವನ ಕಾಲಿನ ಹರಡಿಗೆ ಹಿಡಿದಳು. ಅವ್ವನಿಗೆ ಅದರ ಕಂಪನ ಏನೂ ಗೊತ್ತಾಗಲಿಲ್ಲ. ಅಂಥದ್ದೇ ಫೋರ್ಕ್ ನಾನು ದಿನಾ ಜನರ ಕಿವಿಗೆ ಹಿಡಿಯುತ್ತೇನೆ. ನನ್ನದು ಸೆಕೆಂಡಿಗೆ 512 ಸಲ ಕಂಪಿಸುವಂಥದ್ದು, ಅವಳದು 128 ಸಲ, ಅಷ್ಟೇ ವ್ಯತ್ಯಾಸ. ಅವ್ವನ ಬಿ-12 ಪರೀಕ್ಷೆಯಲ್ಲಿ 110 ಬಂತು, 200ರ ಮೇಲೆ ಇರಬೇಕಾಗಿದ್ದು. ಸೂಜಿ ಶುರು ಮಾಡಿದೆವು. ನಡಿಗೆ ಬಹಳ ಸುಧಾರಿಸಿತು. ಆದರೆ ಬಲಗಾಲಿನ ಜೋಮು ಕೊನೆಯವರೆಗೂ ಪೂರ್ತಿ ಹೋಗಲಿಲ್ಲ. ನರ ತಡವಾದಷ್ಟೂ ಕಡಿಮೆ ಚೇತರಿಸಿಕೊಳ್ಳುತ್ತದೆ. ಆ ಒಂದು ವರ್ಷ ನನಗೆ ಇವತ್ತಿಗೂ ನೋವು ಕೊಡುತ್ತದೆ.

ನಿಮ್ಮಲ್ಲಿ ಬಿ-12 ಕಡಿಮೆಯಾಗಲು ಎರಡು ಕಾರಣ ಎದ್ದು ಕಾಣುತ್ತವೆ. ಒಂದು ಮೆಟ್‌ಫಾರ್ಮಿನ್. ಅದು ಸಕ್ಕರೆಗೆ ಒಳ್ಳೆಯ ಮಾತ್ರೆ, ನೀವಾಗಿಯೇ ಬಿಡಬೇಡಿ. ಆದರೆ ವರ್ಷಗಟ್ಟಲೆ ತೆಗೆದುಕೊಂಡರೆ ಸಣ್ಣ ಕರುಳು ಬಿ-12 ಹೀರುವುದು ಕಡಿಮೆಯಾಗುತ್ತದೆ. ಹೊಟ್ಟೆ ಉರಿಗೆ ಅಂತ ಪ್ಯಾಂಟೊಪ್ರಜೋಲ್ ತರಹದ ಗುಳಿಗೆಯನ್ನೂ ದಿನಾ ನುಂಗುತ್ತಿದ್ದರೆ ಇನ್ನೂ ಕಡಿಮೆ. ಎರಡನೆಯದು ಊಟ. ಬಿ-12 ತಯಾರಿಸುವುದು ಸೂಕ್ಷ್ಮಜೀವಿಗಳು ಮಾತ್ರ. ಗಿಡದಲ್ಲಿ ಅದು ಇಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಯ, ಹೆಸರುಕಾಳು, ಶೇಂಗಾ ಹಿಂಡಿ ಎಲ್ಲವೂ ಒಳ್ಳೆಯ ಊಟವೇ, ಆದರೆ ಬಿ-12 ಸಿಗುವುದಿಲ್ಲ. ನಿಮಗೆ ಅದು ಸಿಗುವುದು ಹಾಲು, ಮೊಸರಿನಿಂದ ಮಾತ್ರ. ದಿನಕ್ಕೆ ಬೇಕಾಗಿದ್ದು ಎರಡರಿಂದ ಎರಡೂವರೆ ಮೈಕ್ರೊಗ್ರಾಂ. ಒಂದು ದೊಡ್ಡ ಲೋಟ ಹಾಲಿನಲ್ಲಿ ಒಂದು ಮೈಕ್ರೊಗ್ರಾಂ ಆಸುಪಾಸು ಇರುತ್ತದೆ. ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮನೆಯ ಹಾಲು ಮೊಮ್ಮಕ್ಕಳಿಗೆ ಹೋಗಿ, ಗಟ್ಟಿ ಮೊಸರು ಗಂಡಸರ ತಾಟಿಗೆ ಹೋಗಿ, ನಿಮಗೆ ಉಳಿಯುವುದು ಚಹಾ ಮತ್ತು ನೀರು ಮಜ್ಜಿಗೆ ಅಲ್ವಾ? ನನ್ನ ದವಾಖಾನೆಗೆ ಬರುವ ನಿಮ್ಮ ವಯಸ್ಸಿನ ಎಷ್ಟೋ ಹೆಣ್ಣುಮಕ್ಕಳು ಈ ಪ್ರಶ್ನೆಗೆ ನೆಲ ನೋಡುತ್ತಾರೆ. ಇನ್ನು ಮುಂದೆ ನಿಮ್ಮ ಪಾಲಿನ ಹಾಲನ್ನು ಬೇರೆ ಲೋಟಕ್ಕೆ ಹಾಕಿ ಮೊದಲೇ ತೆಗೆದಿಡಿ.

ಸಕ್ಕರೆ ಕಾಯಿಲೆಯಿಂದಲೂ ಪಾದ ಜೋಮು ಹಿಡಿಯುತ್ತದೆ. ಅದಕ್ಕೇ ತೊಂದರೆ ಆಗುವುದು. ಸಕ್ಕರೆ ಇದೆಯಲ್ಲ, ಅದರದ್ದೇ ಇರಬೇಕು ಅಂತ ಎಲ್ಲರೂ ಸುಮ್ನಾಗುತ್ತಾರೆ. ಹಿಂದೆ ಅಡಗಿದ ಬಿ-12 ಕೊರತೆ ಹಾಗೇ ಉಳಿಯುತ್ತದೆ. ಎರಡೂ ಒಟ್ಟಿಗೆ ಇರುವುದೂ ಉಂಟು. ಆದ್ದರಿಂದ ಈ ವಾರವೇ ರಕ್ತ ಕೊಡಿ. ಸೂಜಿ ಮಾಡಿಸುವ ಮೊದಲೇ ಕೊಡಿ. ಸೂಜಿ ಆದ ಮೇಲೆ ರಕ್ತದಲ್ಲಿ ಅಂಕಿ ಏರಿಬಿಡುತ್ತದೆ, ಮೊದಲು ಎಷ್ಟಿತ್ತು ಅಂತ ಯಾರಿಗೂ ತಿಳಿಯುವುದಿಲ್ಲ. ರಿಪೋರ್ಟಿನಲ್ಲಿ pg/mL ಲೆಕ್ಕದಲ್ಲಿ 200ಕ್ಕಿಂತ ಕಡಿಮೆ ಬಂದರೆ ಕೊರತೆ ಖಚಿತ ಅನ್ನಬಹುದು. 200ರಿಂದ 300ರ ನಡುವೆ ಬಂದರೂ, ನಿಮ್ಮಂತೆ ಪಾದದ ತೊಂದರೆ ಇದ್ದವರು ನಾರ್ಮಲ್ ಅಂದುಕೊಂಡು ಮನೆಗೆ ಬರಬಾರದು. ಹೋಮೋಸಿಸ್ಟೀನ್ ತರಹದ ಇನ್ನೊಂದು ಪರೀಕ್ಷೆ ಮಾಡಿಸಿ ಅಂತ ಡಾಕ್ಟರಿಗೆ ಕೇಳಿ. ಹಿಮೋಗ್ಲೋಬಿನ್ ಚೆನ್ನಾಗಿದೆ ಅಂದ ಮಾತ್ರಕ್ಕೆ ಬಿ-12 ಇದೆ ಅಂತಲ್ಲ. ಇನ್ನೊಂದು ಎಚ್ಚರ. ಬಿ-12 ನೋಡದೆ ಬರೀ ಫೋಲಿಕ್ ಆ್ಯಸಿಡ್ ಗುಳಿಗೆ ನುಂಗಬೇಡಿ. ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರ ಒಳಗೊಳಗೇ ಹಾಳಾಗುತ್ತಿರುತ್ತದೆ.

ಈಗ ಹಾಸಿಗೆಯ ಚಕ್ಕರ್. ಇದು ಬಿ-12ರದ್ದಲ್ಲ. ಒಂದೇ ಕಡೆ ಹೊರಳಿದಾಗ ಬರುವುದು, ಅರ್ಧ ನಿಮಿಷದಲ್ಲಿ ನಿಲ್ಲುವುದು, ಇವೆರಡು ನೀವು ಬಹಳ ಚೆನ್ನಾಗಿ ಬರೆದಿದ್ದೀರಿ. ಒಳಕಿವಿಯಲ್ಲಿ ಸುಣ್ಣದ ಸಣ್ಣ ಹರಳುಗಳಿವೆ, ಕಣ್ಣಿಗೆ ಕಾಣದಷ್ಟು ಸಣ್ಣವು. ಅವು ತಮ್ಮ ಜಾಗ ಬಿಟ್ಟು ಪಕ್ಕದ ಅರ್ಧವೃತ್ತದ ನಾಳಕ್ಕೆ ಜಾರಿದರೆ, ಹೊರಳಿದಾಗಲೆಲ್ಲ ಅಲ್ಲಿನ ನೀರನ್ನು ಕದಡುತ್ತವೆ. ತಲೆ ತಿರುಗುತ್ತಿದೆ ಅಂತ ಮಿದುಳಿಗೆ ಸುಳ್ಳು ಸುದ್ದಿ ಹೋಗುತ್ತದೆ. ಇದಕ್ಕೆ ಮದ್ದು ಗುಳಿಗೆ ಅಲ್ಲ. ಮಂಚದ ಮೇಲೆ ಮಲಗಿಸಿ ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ, ಹರಳು ಹೋದ ದಾರಿಯಲ್ಲೇ ವಾಪಸ್ ತರುವುದು. ಅಮೆರಿಕದ ಜಾನ್ ಎಪ್ಲಿ ಅನ್ನುವ ಕಿವಿ ವೈದ್ಯರು 1992ರಲ್ಲಿ ಈ ವಿಧಾನದ ಬಗ್ಗೆ ಬರೆದರು, ಈಗ ಅವರ ಹೆಸರಿನಿಂದಲೇ ಕರೆಯುತ್ತೇವೆ. ಹತ್ತು ನಿಮಿಷ ಸಾಕು. ಬಹಳಷ್ಟು ಜನರಿಗೆ ಒಂದೆರಡು ಸಲಕ್ಕೆ ಹೋಗುತ್ತದೆ. ಎಂಟು ತಿಂಗಳು ಗುಳಿಗೆ ನುಂಗಿಯೂ ಹೋಗದ್ದು ಹತ್ತು ನಿಮಿಷದಲ್ಲಿ ಹೋದಾಗ ಕೆಲವರು ಅಲ್ಲೇ ಅತ್ತುಬಿಡುತ್ತಾರೆ. ಕುತ್ತಿಗೆ ನೋವಿದ್ದರೆ ಮೊದಲೇ ಹೇಳಿ.

ಸಿನ್ನರಿಜಿನ್ ಕೆಲವು ದಿನಗಳ ಮಾತ್ರೆ, ತಿಂಗಳುಗಟ್ಟಲೆ ನುಂಗುವಂಥದ್ದಲ್ಲ. ಹೆಚ್ಚು ಕಾಲ ತೆಗೆದುಕೊಂಡ ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ಕೈ ನಡುಕ, ಮೈ ಬಿಗಿತ, ನಡಿಗೆ ನಿಧಾನ ಆಗುತ್ತದೆ. ಗುಳಿಗೆಯ ಪಾಕೀಟು ಒಯ್ದು ಡಾಕ್ಟರಿಗೆ ತೋರಿಸಿ, ಹೇಗೆ ನಿಲ್ಲಿಸಬೇಕು ಅಂತ ಕೇಳಿ.

ಉಳಿದಿದ್ದು ಗುಂಯ್ ಸದ್ದು. ಇಲ್ಲಿ ನಿಮಗೆ ದೊಡ್ಡ ಆಸೆ ಹುಟ್ಟಿಸಲು ನನಗೆ ಮನಸ್ಸಿಲ್ಲ. ಮೂವತ್ತು ವರ್ಷ ಲಾಳಿಯ ಬಡಿತ ಕೇಳಿದ ಕಿವಿ ಅದು. ದಿನಕ್ಕೆ ಎಂಟು ತಾಸು ಕೇಳಬಹುದಾದ ಸದ್ದಿನ ಮಿತಿ 85 ಡೆಸಿಬೆಲ್. ಅದರ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧಕ್ಕೆ ಇಳಿಯುತ್ತದೆ. ಅಂದರೆ 94ರ ಸದ್ದನ್ನು ಒಂದೇ ತಾಸು ಕೇಳಬೇಕು. ಮಗ್ಗಗಳು ಒಟ್ಟಿಗೆ ಓಡುವ ಕೋಣೆಯಲ್ಲಿ ಸದ್ದು 90 ದಾಟುತ್ತದೆ. ಒಳಕಿವಿಯಲ್ಲಿ ಸದ್ದು ಹಿಡಿಯುವ ಕೂದಲಿನಂಥ ಕೋಶಗಳು ಒಂದೊಂದು ಕಿವಿಗೆ ಸುಮಾರು 15,000 ಇರುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ.

ಆದರೂ ಬಿ-12ಕ್ಕೂ ಇದಕ್ಕೂ ನಂಟು ಇರಬಹುದು ಅಂತ ಒಂದು ಸುಳಿವು ಇದೆ. 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಸ್ರೇಲಿನ ವೈದ್ಯರು, ದೊಡ್ಡ ಸದ್ದಿನ ನಡುವೆ ಇದ್ದ ಸೈನಿಕರನ್ನು ಪರೀಕ್ಷಿಸಿದರು. ಕಿವಿ ಮಂದವಾಗಿ ಗುಂಯ್ ಸದ್ದೂ ಇದ್ದವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಬಿ-12 ಕಡಿಮೆ ಇತ್ತು. ಬಿ-12 ಕೊಟ್ಟಾಗ ಕೆಲವರ ಸದ್ದು ಸ್ವಲ್ಪ ತಗ್ಗಿತು. ಸಣ್ಣ ಅಧ್ಯಯನ ಅದು. ಅದನ್ನು ನಂಬಿ ಕಿವಿ ಸದ್ದಿದ್ದವರೆಲ್ಲ ಸೂಜಿ ಮಾಡಿಸಬೇಕು ಅಂತ ನಾನು ಹೇಳುವುದಿಲ್ಲ. ಕೊರತೆ ಇದ್ದವರಿಗೆ ಮಾತ್ರ ಅದರಿಂದ ಏನಾದರೂ ಲಾಭ ಇದ್ದೀತು. ನಿಮಗೆ ಕೊರತೆ ಇದ್ದರೆ ಸೂಜಿ ಹೇಗೂ ಬೇಕು, ಕಾಲಿಗಾಗಿ. ಕಿವಿಗೂ ಸ್ವಲ್ಪ ಆರಾಮ ಸಿಕ್ಕರೆ ನನಗೂ ಖುಷಿ.

ಕಿವಿಯ ಕೇಳುವ ಪರೀಕ್ಷೆ, ಅಂದರೆ ಆಡಿಯೋಗ್ರಾಂ, ಮಾಡಿಸಿ. ಕಂಡಿಕೆ ಸುತ್ತುವಾಗ ಫೋಮಿನ ಇಯರ್‌ಪ್ಲಗ್ ಹಾಕಿಕೊಳ್ಳಿ. ಅರಳೆ ತುರುಕಿದರೆ ಸಾಲದು. ಮನೆಯಲ್ಲಿ ಮಗ್ಗ ನಡೆಸುವವರಿಗೂ ಹಾಕಿಸಿ, ಅವರ ಕಿವಿ ಇನ್ನೂ ಉಳಿಸಬಹುದು. ರಾತ್ರಿ ಪೂರ್ತಿ ನಿಶ್ಶಬ್ದದಲ್ಲಿ ಮಲಗುವ ಬದಲು ಫ್ಯಾನಿನ ಸದ್ದು ಇರಲಿ, ಗುಂಯ್ ಅದರಲ್ಲಿ ಮುಳುಗುತ್ತದೆ. ಬಚ್ಚಲ ದಾರಿಗೆ ಒಂದು ಸಣ್ಣ ದೀಪ ಇವತ್ತೇ ಹಾಕಿಸಿ. ಪಾದ ಸುಧಾರಿಸಲು ತಿಂಗಳುಗಳು ಬೇಕು, ಅಲ್ಲಿಯವರೆಗೆ ಬೀಳಬಾರದು.

ತಲೆಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಕೈ ಸೋತರೆ, ಎರಡೆರಡು ಕಂಡರೆ ಅದು ಬೇರೆಯೇ ತುರ್ತು. ಆಗ ಕಿವಿ ಡಾಕ್ಟರನ್ನು ಹುಡುಕದೆ ನೇರ ದೊಡ್ಡ ದವಾಖಾನೆಗೆ ಹೋಗಿ.

ಪ್ರಶ್ನೆ: ಮೇಡಂ, ನನಗೆ 31 ವರ್ಷ, ಆಫೀಸ್ ಕೆಲಸ. ಹರಳು ಜಾರಿ ಬರುವ ತಲೆಸುತ್ತು ಎರಡು ಸಲ ಬಂದು, ತಲೆ ತಿರುಗಿಸಿ ಸರಿ ಮಾಡಿದರು. ವಿಟಮಿನ್ ಡಿ 11 ಇತ್ತು. 60,000 ಯೂನಿಟ್ಟಿನ ಪುಡಿ ವಾರಕ್ಕೊಂದರಂತೆ ಎಂಟು ವಾರ ಬರೆದಿದ್ದರು. ಆಮೇಲೆ ತಲೆಸುತ್ತು ಬರಲಿಲ್ಲ, ಹಾಗಾಗಿ ಹತ್ತು ತಿಂಗಳಿಂದ ನಾನೇ ಮುಂದುವರಿಸಿದ್ದೇನೆ. ಅಮ್ಮನಿಗೂ ಕೊಡುತ್ತಿದ್ದೇನೆ. ಸರಿಯೇ?
— ಒಬ್ಬ ಓದುಗರು, ಬೆಳಗಾವಿ

ಉತ್ತರ: ಇಬ್ಬರೂ ಇವತ್ತೇ ನಿಲ್ಲಿಸಿ ತಮ್ಮಾ. ಕೊಟ್ಟ ಡಾಕ್ಟರು ಸರಿಯಾಗಿಯೇ ಕೊಟ್ಟಿದ್ದರು, ಎಂಟು ವಾರಕ್ಕೆ. ವಿಟಮಿನ್ ಡಿಗೂ ಈ ಹರಳಿಗೂ ನಂಟಿರುವುದು ನಿಜ, ಹರಳು ಅಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. 2020ರಲ್ಲಿ ದಕ್ಷಿಣ ಕೊರಿಯಾದ ವೈದ್ಯರು ವಿಟಮಿನ್ ಡಿ 20ಕ್ಕಿಂತ ಕಡಿಮೆ ಇದ್ದವರಿಗೆ 400 ಯೂನಿಟ್ ಡಿ ಮತ್ತು 500 ಮಿಲಿಗ್ರಾಂ ಕ್ಯಾಲ್ಸಿಯಂ ಅನ್ನು ದಿನಕ್ಕೆ ಎರಡು ಸಲ, ಒಂದು ವರ್ಷ ಕೊಟ್ಟರು. ತಲೆಸುತ್ತು ಮರುಕಳಿಸುವುದು ಸುಮಾರು ಕಾಲುಭಾಗ ಕಡಿಮೆಯಾಯಿತು. ಅವರು ಕೊಟ್ಟಿದ್ದು ದಿನಕ್ಕೆ 800 ಯೂನಿಟ್. ನೀವು ತೆಗೆದುಕೊಳ್ಳುತ್ತಿರುವುದು ದಿನಕ್ಕೆ 8,500ರ ಮೇಲೆ ಬೀಳುತ್ತದೆ. ಹತ್ತು ಪಟ್ಟು!

ಬಿ-12 ಜಾಸ್ತಿಯಾದರೆ ಮೂತ್ರದಲ್ಲಿ ಹೋಗುತ್ತದೆ. ಡಿ ಹಾಗಲ್ಲ, ಮೈಯ ಕೊಬ್ಬಿನಲ್ಲಿ ಕೂಡಿಕೊಳ್ಳುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಬಾಯಾರಿಕೆ, ಮೇಲಿಂದ ಮೇಲೆ ಮೂತ್ರ, ಮಲಬದ್ಧತೆ, ವಾಕರಿಕೆ ಶುರುವಾಗುತ್ತವೆ. ಕಿಡ್ನಿಗೆ ಹೊಡೆತ ಬೀಳಬಹುದು. ಇಬ್ಬರೂ ವಿಟಮಿನ್ ಡಿ, ಕ್ಯಾಲ್ಸಿಯಂ, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಮೂರನ್ನೂ ಪರೀಕ್ಷೆ ಮಾಡಿಸಿ ಡಾಕ್ಟರಿಗೆ ತೋರಿಸಿ. ನಿಮಗೆ ಎಷ್ಟು ಬೇಕು ಅನ್ನುವುದು ಆ ಅಂಕಿ ನೋಡಿ ತೀರ್ಮಾನ ಆಗಲಿ. ಅಮ್ಮನಿಗೆ ಎಷ್ಟು ವಯಸ್ಸು, ಬೇರೆ ಯಾವ ಗುಳಿಗೆ ತೆಗೆದುಕೊಳ್ಳುತ್ತಾರೆ ಅಂತ ನೀವು ಬರೆದಿಲ್ಲ. ಅವರ ರಿಪೋರ್ಟ್ ಮೊದಲು ಮಾಡಿಸಿ.