ಸಿ ಬಿಟ್ಟು ವೆಬ್‌ಗೆ ಬರೋರು ಯಾವ ಭಾಷೆ ಹಿಡಿಯಬೇಕು?

ಪುಣೆ ಹತ್ತಿರದ ಚಾಕಣ್‌ನ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಸಿ ಬರೆದಿದ್ದೀರಿ, ಈಗ ವೆಬ್ ಅಪ್ಲಿಕೇಶನ್ ಕಲೀಬೇಕು, ಪೈಥಾನಾ ಜಾವಾಸ್ಕ್ರಿಪ್ಟಾ ಪಿಎಚ್‌ಪಿನಾ ಅಂತ ಕೇಳಿದ್ದೀರಿ. ನನಗಿಂತ ಮುಂಚೆ ಉತ್ತರ ಕೊಟ್ಟವರೆಲ್ಲ ಅವರವರ ಭಾಷೆಗೆ ಜೈಕಾರ ಹಾಕಿ ಹೋಗಿದ್ದಾರೆ. ನನ್ನ ವೋಟು ಪೈಥಾನ್‌ಗೆ. ಆದ್ರೆ ನಿಮಗೆ ಕಷ್ಟವಾಗೋದು ಭಾಷೆಯಲ್ಲ. ಸಿ ಬಂದವರು ಪೈಥಾನ್ ಸಿಂಟ್ಯಾಕ್ಸ್‌ಗೆ ಬೇಗ ಒಗ್ಗಿಕೊಳ್ತಾರೆ.

ತೊಡಕು ಬೇರೆ ಕಡೆ ಇದೆ. ನಿಮ್ಮ ಸಿ ಪ್ರೋಗ್ರಾಮು ಒಂದ್ಸಲ ಶುರುವಾದ್ರೆ ಲೂಪ್‌ನಲ್ಲಿ ಸುತ್ತುತ್ತಾ ಇರುತ್ತೆ, ವೇರಿಯಬಲ್‌ನಲ್ಲಿ ಇಟ್ಟಿದ್ದು ಅಲ್ಲೇ ಇರುತ್ತೆ. ವೆಬ್‌ನಲ್ಲಿ ಹಾಗಲ್ಲ: ಬ್ರೌಸರೂ ಸರ್ವರೂ ಮಾತಾಡೋ ನಿಯಮ ಎಚ್‌ಟಿಟಿಪಿ, ಅದಕ್ಕೆ ನೆನಪಿನ ಶಕ್ತಿ ಇಲ್ಲ. ಪ್ರತಿ ರಿಕ್ವೆಸ್ಟೂ ಅದಕ್ಕೆ ಹೊಸ ಮುಖ. ಲಾಗಿನ್ ಆದವರು ಯಾರು ಅಂತ ಗೊತ್ತಾಗೋಕೆ ಕುಕಿ (ಬ್ರೌಸರ್ ಇಟ್ಕೊಂಡು ಪ್ರತಿ ಸಲ ತೋರಿಸೋ ಚೀಟಿ), ಸೆಷನ್ (ಆ ಚೀಟಿಗೆ ಸರ್ವರ್ ಇಟ್ಟಿರೋ ಲೆಕ್ಕ) ಬೇಕಾಗೋದು ಇದಕ್ಕೇ.

ನಿಮ್ಮ ಸೊಸೈಟಿಯ ಕ್ಲಬ್‌ಹೌಸ್ ಬುಕಿಂಗನ್ನೇ ಪ್ರಾಜೆಕ್ಟ್ ಮಾಡ್ಕೊಳ್ಳಿ. ಗಣಪತಿ ಹಬ್ಬದ ಹೊತ್ತಿಗೆ ಅದಕ್ಕಾಗಿ ವಾಟ್ಸ್‌ಆ್ಯಪ್‌ನಲ್ಲಿ ನಡೆಯೋ ಜಗಳ ಪುಣೆಯವರಿಗೆ ಹೊಸದಲ್ಲ. ಬುಕಿಂಗ್‌ಗಳನ್ನ ಒಂದು ಗ್ಲೋಬಲ್ ಲಿಸ್ಟ್‌ನಲ್ಲಿ ಇಟ್ರೆ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗೇ ನಡೆಯುತ್ತೆ. ಸರ್ವರ್‌ಗೆ ಏರಿಸಿ, ಪೈಥಾನ್ ವೆಬ್ ಅಪ್ಲಿಕೇಶನ್ ನಡೆಸೋ ಗುನಿಕಾರ್ನ್‌ಗೆ ಎರಡು ವರ್ಕರ್ ಕೊಡಿ, ಒಂದ್ಸಲ ರಿಫ್ರೆಶ್ ಮಾಡಿದ್ರೆ ಕುಲಕರ್ಣಿಯವರ ಬುಕಿಂಗ್ ಕಾಣುತ್ತೆ, ಇನ್ನೊಂದ್ಸಲ ಮಾಯ! ಎರಡು ವರ್ಕರ್ ಅಂದ್ರೆ ಎರಡು ಪ್ರೋಸೆಸ್, ಎರಡು ಬೇರೆ ಮೆಮೊರಿ. ಒಂದು ಪ್ರೋಸೆಸ್‌ನಿಂದ ಇನ್ನೊಂದನ್ನ ಹುಟ್ಟಿಸೋ ಫೋರ್ಕ್ ಗೊತ್ತಿರೋ ನಿಮಗೆ ಇದು ತಕ್ಷಣ ಹೊಳೆಯುತ್ತೆ, ಬರೀ ವಿಡಿಯೋ ನೋಡಿ ಕಲಿತವರು ಒದ್ದಾಡ್ತಾರೆ. ಡೇಟಾನ ಡೇಟಾಬೇಸ್‌ನಲ್ಲೇ ಇಡಿ. ಶುರುವಿಗೆ ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್ ಸಾಕು, ಪೈಥಾನ್ ಜೊತೆಗೇ ಬರುತ್ತೆ.

ಅಲ್ಲೂ ಒಂದು ಸುಳಿ ಇದೆ. 'ಆ ದಿನ ಖಾಲಿ ಇದೆಯಾ' ಅಂತ ನೋಡಿ ಆಮೇಲೆ ಬರೆಯೋ ಕೋಡ್‌ನಲ್ಲಿ, ನೋಡೋದಕ್ಕೂ ಬರೆಯೋದಕ್ಕೂ ನಡುವೆ ಇನ್ನೊಬ್ಬರು ಬಟನ್ ಒತ್ತಿದ್ರೆ ಇಬ್ಬರಿಗೂ ಹಾಲ್ ಸಿಕ್ಕಿಬಿಡುತ್ತೆ. ಇಂಟರಪ್ಟ್‌ಗಳ ಜೊತೆ ಗುದ್ದಾಡಿದ ನಿಮಗೆ ರೇಸ್ ಕಂಡೀಷನ್ ನಾನು ಹೇಳಿಕೊಡಬೇಕಾಗಿಲ್ಲ. ದಿನಾಂಕ ಮತ್ತು ಸ್ಲಾಟ್ ಎರಡೂ ಸೇರಿಸಿ ಟೇಬಲ್‌ನಲ್ಲೇ ಯೂನಿಕ್ (ಒಂದೇ ಜೋಡಿ ಎರಡು ಸಲ ಬರಬಾರದು ಅನ್ನೋ) ನಿರ್ಬಂಧ ಹಾಕಿ, ಎರಡನೆಯದನ್ನ ಡೇಟಾಬೇಸೇ ಒದ್ದು ಹೊರಗೆ ಹಾಕುತ್ತೆ. ಆ ಎರರ್ ಹಿಡಿದು 'ಈಗಾಗಲೇ ಬುಕ್ ಆಗಿದೆ' ಅಂತ ತೋರಿಸಿ, ಸಾಕು.

ಡೇಟಾಬೇಸ್‌ಗೆ ಕೊಡೋ ಆಜ್ಞೆ, ಅಂದ್ರೆ ಎಸ್‌ಕ್ಯೂಎಲ್ ಸಾಲನ್ನ ಸ್ಟ್ರಿಂಗ್ ಅಂಟಿಸಿ ಕಟ್ಟಬೇಡಿ. ಗೋವಾದ ಡಿ'ಸೋಜಾ ಯಾರಾದ್ರೂ ಹೆಸರು ತುಂಬಿದ್ರೆ, ಆ ಒಂದು ಚಿಹ್ನೆಗೆ ಕ್ವೆರಿ ಮುರಿದು ಬೀಳುತ್ತೆ. ಮುರಿದ್ರೆ ಪರವಾಗಿಲ್ಲ, ಆದ್ರೆ ಅದೇ ಕಿಂಡಿಯಿಂದ ಇಂಜೆಕ್ಷನ್ ಅಟ್ಯಾಕೂ (ಹೆಸರಿನ ಜಾಗದಲ್ಲಿ ಯಾರೋ ತಮ್ಮ ಆಜ್ಞೆ ತೂರಿಸೋದು) ಒಳಗೆ ಬರುತ್ತೆ. ಬೆಲೆ ಬರೋ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಪ್ಲೇಸ್‌ಹೋಲ್ಡರ್ ಇಟ್ಟು, ಬೆಲೆಯನ್ನ ಬೇರೆಯಾಗಿ ಕೊಡಿ.

ಇನ್ನೊಂದು, ನಮ್ಮವರಿಗೇ ಬೇಕಾದ್ದು. 'ಪುಣೆ' ಅನ್ನೋದನ್ನ ಯುಟಿಎಫ್-8ನಲ್ಲಿ (ಅಕ್ಷರಗಳನ್ನ ಬೈಟ್‌ಗಳಾಗಿ ಬರೆಯೋ ಪದ್ಧತಿ) ಉದ್ದ ಅಳೆಯೋ ಸಿ-ಯ ಎಸ್‌ಟಿಆರ್‌ಲೆನ್‌ಗೆ ಕೊಟ್ರೆ ಬೈಟ್ ಎಣಿಸಿ 12 ಅನ್ನುತ್ತೆ, ಪೈಥಾನ್‌ನ ಲೆನ್ ಕೋಡ್‌ಪಾಯಿಂಟ್ (ಯುನಿಕೋಡ್ ಚಿಹ್ನೆ) ಎಣಿಸಿ 4 ಅನ್ನುತ್ತೆ, ಓದೋರ ಕಣ್ಣಿಗೆ ಅಕ್ಷರ ಎರಡೇ. ಪ್ರತಿ ಕನ್ನಡ ಕೋಡ್‌ಪಾಯಿಂಟ್‌ಗೆ 3 ಬೈಟ್, ಒತ್ತು ಗುಣಿತ ಎಲ್ಲ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತೆ. ಹೆಸರಿನ ಉದ್ದಕ್ಕೆ ಮಿತಿ ಹಾಕುವಾಗ ನೆನಪಿಡಿ.

ಪೈಥಾನ್‌ನ ದೊಡ್ಡ ವೆಬ್ ಫ್ರೇಮ್‌ವರ್ಕ್ (ಸಿದ್ಧ ಚೌಕಟ್ಟು) ಜಾಂಗೋನ ಶುರುವಿಗೇ ಹಿಡೀಬೇಡಿ. ಅದು ಲಾಗಿನ್, ಅಡ್ಮಿನ್ ಎಲ್ಲ ಸಿದ್ಧ ಮಾಡಿ ಕೈಗಿಡುತ್ತೆ, ಒಳಗೆ ಏನಾಗ್ತಿದೆ ಗೊತ್ತಾಗಲ್ಲ. ಪುಟ್ಟ ಫ್ರೇಮ್‌ವರ್ಕ್ ಫ್ಲಾಸ್ಕ್‌ನಲ್ಲಿ ಬುಕಿಂಗ್ ಪೂರ್ತಿ ಮುಗಿಸಿ, ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ತೆರೆದಿಟ್ಟು ಪ್ರತಿ ರಿಕ್ವೆಸ್ಟ್ ನೋಡಿ, ಆಮೇಲೆ ಜಾಂಗೋಗೆ ಹೋಗಿ. ಫಾರ್ಮ್ ಸಲ್ಲಿಸಿದ ಮೇಲೆ ರಿಡೈರೆಕ್ಟ್ ಕೊಡೋದು (ಬ್ರೌಸರನ್ನ ಬೇರೆ ಪುಟಕ್ಕೆ ಕಳಿಸೋದು) ಮರೀಬೇಡಿ, ಇಲ್ಲಾಂದ್ರೆ ರಿಫ್ರೆಶ್ ಒತ್ತಿದಾಗ ಅದೇ ಫಾರ್ಮ್ ಮತ್ತೆ ಹೋಗುತ್ತೆ.

ಜಾವಾಸ್ಕ್ರಿಪ್ಟ್ ತಪ್ಪಿಸಿಕೊಳ್ಳೋಕೆ ಆಗಲ್ಲ, ಬ್ರೌಸರ್ ಅದರ ಮನೆ. ಆದ್ರೆ ರಿಯಾಕ್ಟ್ (ಪುಟ ಕಟ್ಟೋ ಜಾವಾಸ್ಕ್ರಿಪ್ಟ್ ಲೈಬ್ರರಿ) ಈಗ ಬೇಡ. ಪಿಎಚ್‌ಪಿ ಕೆಟ್ಟದ್ದೇನಲ್ಲ, ಅಗ್ಗದ ಹೋಸ್ಟಿಂಗ್ ಬೇಕಾದ್ರೆ ಇವತ್ತಿಗೂ ಅದೇ ಸುಲಭ.

ಒಂದು ಮಾತು ಮೊದಲೇ ಹೇಳಿಬಿಡಿ: ಇದೆಲ್ಲ ಪುಣೆಯ ಐಟಿ ಬಡಾವಣೆ ಹಿಂಜೇವಾಡಿಯ ದೊಡ್ಡ ಸರ್ವಿಸ್ ಕಂಪನಿಗೆ ಹಾರೋಕಾ? ಹಾಗಿದ್ರೆ ನನ್ನ ಉತ್ತರ ಬದಲಾಗುತ್ತೆ, ಜಾವಾ ಮತ್ತು ಅದರ ವೆಬ್ ಫ್ರೇಮ್‌ವರ್ಕ್ ಸ್ಪ್ರಿಂಗ್ ಬೂಟ್ ಹಿಡೀರಿ. ಡೇಟಾಬೇಸ್, ಸೆಷನ್ ಬಗ್ಗೆ ಮೇಲೆ ಬರೆದಿದ್ದು ಅಲ್ಲಿಗೂ ಹಾಗೇ ನಡೆಯುತ್ತೆ.