ಆಟಿಸಂ ಇರುವ 8ನೇ ತರಗತಿಯ ಮಗ ಕ್ಲಾಸಲ್ಲಿ ನೋಟ್ಸ್ ಬರೆಯಲ್ಲ, ಗೊಣಗುತ್ತಾನೆ. ಶ್ಯಾಡೋ ಟೀಚರ್ (ಕ್ಲಾಸಲ್ಲಿ ಮಗುವಿನ ಪಕ್ಕವೇ ಕೂತು ನೆರವಾಗುವವರು) ಇಡಿ ಎಂದು ಶಾಲೆಯವರು ಹೇಳುತ್ತಿದ್ದಾರೆ. ಒಳ್ಳೆಯವರನ್ನು ಹುಡುಕುವುದು ಹೇಗೆ? ಐಇಪಿ (ಮಗುವಿಗೆಂದೇ ಮಾಡುವ ಪ್ರತ್ಯೇಕ ಕಲಿಕಾ ಯೋಜನೆ) ಮೀಟಿಂಗ್‌ನಲ್ಲಿ ಏನು ಕೇಳಬೇಕು?

ಶ್ಯಾಡೋ ಟೀಚರ್ ಇಡಬೇಡಿ. ಒಳ್ಳೆಯವರು ಎಲ್ಲಿ ಸಿಗುತ್ತಾರೆ, ಎಷ್ಟು ಕೊಡಬೇಕು ಅಂತ ನಾನು ಹೇಳುವುದಿಲ್ಲ. ಒಳ್ಳೆಯವರೇ ಸಿಕ್ಕಿದ್ದರು ನಮಗೆ. ಆಮೇಲೆ ಏನಾಯಿತು ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಾವು ಮೈಸೂರಿನವರು. ಮಗಳಿಗೆ ಆಟಿಸಂ ಅಂತ ಚಿಕ್ಕಂದಿನಲ್ಲೇ ಗೊತ್ತಾಗಿತ್ತು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಸ್ಪೀಚ್ ಥೆರಪಿ ಮಾಡಿಸಿದೆವು. ಶಾಲೆ ಸಿಬಿಎಸ್‌ಇ. ಐದನೇ ತರಗತಿವರೆಗೆ ಹೆಚ್ಚಿನ ಪಾಠ ಒಬ್ಬರೇ ಟೀಚರ್ ಮಾಡುತ್ತಿದ್ದರು, ಹೇಗೋ ನಡೆಯಿತು. ಆರಕ್ಕೆ ಬಂದಾಗ ಪಿರಿಯಡ್‌ಗೊಬ್ಬ ಟೀಚರ್, ಬೆಲ್ ಹೊಡೆದಾಗೆಲ್ಲ ಪುಸ್ತಕ ಬದಲಿಸು, ಲ್ಯಾಬ್‌ಗೆ ನಡಿ, ಗ್ರೌಂಡಿಗೆ ನಡಿ. ಅವಳು ಕಿವಿ ಮುಚ್ಚಿಕೊಂಡು ಡೆಸ್ಕ್ ಕೆಳಗೆ ಕೂರಲು ಶುರು ಮಾಡಿದಳು. ಪ್ರಿನ್ಸಿಪಾಲ್ ನಮ್ಮನ್ನು ಕರೆಸಿ, ಈಗ ನಿಮಗೆ ಹೇಳಿದ್ದಾರಲ್ಲ, ಅದೇ ಮಾತು ಹೇಳಿದರು. "ನಿಮ್ಮ ಖರ್ಚಲ್ಲಿ ಒಬ್ಬರನ್ನ ಇಟ್ಟುಕೊಳ್ಳಿ, ನಮ್ಮದೇನೂ ಅಭ್ಯಂತರ ಇಲ್ಲ." ಟಿಸಿ ಕೊಡಲಿಲ್ಲವಲ್ಲ ಅನ್ನುವ ಸಮಾಧಾನದಲ್ಲಿ ತಕ್ಷಣ ಒಪ್ಪಿಬಿಟ್ಟೆವು. ನನ್ನ ಸಂಬಳದಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತಿತ್ತು.

ಬಂದವರು ನಿಜವಾಗಿ ಒಳ್ಳೆಯವರು. ಮಗಳ ಮೇಲೆ ಪ್ರೀತಿ ಇತ್ತು, ತಾಳ್ಮೆ ಇತ್ತು. ಬೋರ್ಡ್ ಮೇಲಿನದನ್ನು ಅವಳು ಬರೆಯುವಂತೆ ನೋಡಿಕೊಂಡರು, ಬರೆಯದಿದ್ದರೆ ತಾವೇ ಬರೆದರು. ಟೀಚರ್ ಹೇಳಿದ್ದನ್ನು ಮತ್ತೆ ಅವಳ ಕಿವಿಯಲ್ಲಿ ಹೇಳಿದರು. ಊಟದ ಡಬ್ಬಿ ತೆಗೆದುಕೊಟ್ಟರು. ಗಲಾಟೆ ಜಾಸ್ತಿ ಆದರೆ ಹೊರಗೆ ಕರೆದುಕೊಂಡು ಹೋದರು. ಶಾಲೆಯಿಂದ ದೂರು ಬರುವುದು ನಿಂತೇ ಹೋಯಿತು.

ನಾನು ಮಾಡಿದ ತಪ್ಪು ಇಲ್ಲಿದೆ. ನಿಮ್ಮ ಕೈಗೂ ಇಂಥದ್ದೇ ಹಾಳೆ ಬರುತ್ತದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಆ ವರ್ಷ ಶಾಲೆಯವರು ಐಇಪಿ ಅಂತ ಒಂದು ಕಾಗದ ಮಾಡಿಕೊಟ್ಟರು. ನೀಟಾಗಿ ಟೈಪ್ ಮಾಡಿತ್ತು. "ಶ್ಯಾಡೋ ಟೀಚರ್ ನೆರವಿನಿಂದ ನೋಟ್ಸ್ ಬರೆಯುತ್ತಾಳೆ." "ಶ್ಯಾಡೋ ಟೀಚರ್ ನೆರವಿನಿಂದ ತರಗತಿಯಲ್ಲಿ ಕೂರುತ್ತಾಳೆ." "ಶ್ಯಾಡೋ ಟೀಚರ್ ನೆರವಿನಿಂದ ಪ್ರಶ್ನೆಗೆ ಉತ್ತರಿಸುತ್ತಾಳೆ." ಕೆಳಗೆ ನಾನು ಸಹಿ ಮಾಡಿದೆ. ಆರರಲ್ಲಿ ಮಾಡಿದೆ, ಏಳರಲ್ಲೂ ಮಾಡಿದೆ. ಆ ಕಾಗದದಲ್ಲಿ ಗಣಿತದ ಟೀಚರ್ ಏನು ಮಾಡುತ್ತಾರೆ ಅಂತ ಒಂದು ಸಾಲೂ ಇರಲಿಲ್ಲ. ವಿಜ್ಞಾನದವರು, ಪಿಟಿಯವರು, ಕ್ಲಾಸ್ ಟೀಚರ್ ಏನು ಮಾಡುತ್ತಾರೆ ಅಂತಲೂ ಇರಲಿಲ್ಲ. ಮಾಡಬೇಕಾದವರು ಇಬ್ಬರೇ: ನನ್ನ ಮಗಳು, ಮತ್ತು ನಾನು ಸಂಬಳ ಕೊಡುವ ಹೆಂಗಸು. ಶಾಲೆ ಯಾವುದಕ್ಕೂ ಮಾತು ಕೊಟ್ಟಿರಲಿಲ್ಲ. ಮಾತು ಕೊಟ್ಟ ಹಾಗೆ ಕಾಣುವ ಹಾಳೆಗೆ ನಾನು ಸಹಿ ಹಾಕಿದ್ದೆ.

ಮೂರನೇ ತರಗತಿಯಲ್ಲಿ ಇಂಥ ತಪ್ಪಾಗಿದ್ದರೆ ಸರಿಮಾಡಿಕೊಳ್ಳಬಹುದಿತ್ತು. ಹನ್ನೊಂದರಿಂದ ಹದಿಮೂರು ವರ್ಷದೊಳಗೆ ಒಂದು ಮಗು ತಾನೇ ಕೈ ಎತ್ತಲು, ತಾನೇ ಸಹಾಯ ಕೇಳಲು, ಪಕ್ಕದವಳ ಹತ್ತಿರ ಪೆನ್ಸಿಲ್ ಕೇಳಲು ಕಲಿಯಬೇಕು. ಆ ಕಾಲದಲ್ಲೇ ನಾವು ದೊಡ್ಡವರೊಬ್ಬರನ್ನು ಮಧ್ಯೆ ಕೂರಿಸಿದೆವು.

ಎಂಟನೇ ತರಗತಿ ಅರ್ಧಕ್ಕೆ ಬಂದಾಗ ಅವರ ಗಂಡನಿಗೆ ಬೇರೆ ಊರಿಗೆ ವರ್ಗವಾಯಿತು. ಅವರು ಹೋದ ಮೇಲೆ ಒಂದೊಂದೇ ಹೊರಗೆ ಬಂತು. ಹಾಜರಿ ಕರೆದರೆ ಮಗಳು ಓಗೊಡುತ್ತಿರಲಿಲ್ಲ, ಅಷ್ಟು ದಿನ ಅವಳ ಪರವಾಗಿ ಅವರೇ ಪ್ರೆಸೆಂಟ್ ಅನ್ನುತ್ತಿದ್ದರು. ಯಾರಾದರೂ ಮೊಣಕೈ ಮುಟ್ಟುವವರೆಗೆ ಪೆನ್ನು ಎತ್ತುತ್ತಿರಲಿಲ್ಲ. ಡಬ್ಬಿ ತೆಗೆದಿರುತ್ತಿರಲಿಲ್ಲ, ಹಾಗೇ ಮನೆಗೆ ಬರುತ್ತಿತ್ತು. ಅವಳಿಗೆ ಡಬ್ಬಿ ತೆಗೆಯಲು ಚೆನ್ನಾಗಿಯೇ ಬರುತ್ತದೆ. ಮನೆಯಲ್ಲಿ ದೋಸೆ ತಾನೇ ಹುಯ್ದುಕೊಳ್ಳುವ ಹುಡುಗಿ. ಶಾಲೆಯಲ್ಲಿ ಮಾತ್ರ, ಯಾರೋ ಹೇಳಿದ ಮೇಲೇ ಮಾಡಬೇಕು ಅಂತ ಕಲಿತಿದ್ದಳು. ಎರಡು ವರ್ಷದಿಂದ ಪಾಠ ಮಾಡುತ್ತಿದ್ದ ಗಣಿತದ ಟೀಚರ್ ನನ್ನನ್ನು ಕೇಳಿದರು, "ಅವಳು ಮಾತಾಡ್ತಾಳಾ?" ಅವರು ಕೆಟ್ಟವರಲ್ಲ. ಏನು ಹೇಳುವುದಿದ್ದರೂ ಪಕ್ಕದಲ್ಲಿ ಕೂತವರಿಗೆ ಹೇಳುತ್ತಿದ್ದರು, ಉತ್ತರವೂ ಅಲ್ಲಿಂದಲೇ ಬರುತ್ತಿತ್ತು. ಕ್ಲಾಸಿನ ಹುಡುಗಿಯರೂ ಅಷ್ಟೇ. ದೊಡ್ಡವರು ಕೂತಿರುವ ಬೆಂಚಿಗೆ ಯಾವ ಹುಡುಗಿ ಬಂದು ಹರಟೆ ಹೊಡೆಯುತ್ತಾಳೆ?

ಶಾಲೆ ಹೇಳಿತು: ಇನ್ನೊಬ್ಬರನ್ನು ಇಡಿ, ಇಲ್ಲ ಎನ್‌ಐಒಎಸ್ ಅನ್ನುವ ಮುಕ್ತ ಶಾಲೆಗೆ ಹಾಕಿ. ಎನ್‌ಐಒಎಸ್ ಕೀಳು ಅಂತ ನಾನು ಹೇಳುತ್ತಿಲ್ಲ. ಕೆಲವು ಮಕ್ಕಳಿಗೆ ಅದೇ ಸರಿ. ಮಗುವಿಗೆ ಬೇಕು ಅಂತ ಆರಿಸಿಕೊಳ್ಳಿ. ವರ್ಷದ ಮಧ್ಯೆ ಶಾಲೆ ತಳ್ಳಿತು ಅಂತ ಹೋಗಬೇಡಿ.

ಆಗ ನಾನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕೂತು ಓದಿದೆ. ನೀವೂ ಓದಿ, ಸುಮ್ನೆ 16 ಮತ್ತು 17ನೇ ಸೆಕ್ಷನ್ ಓದಿದರೆ ಸಾಕು. ಅದರಲ್ಲಿ ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು, ಆ ಮಗುವಿಗೆ ಬೇಕಾದ ಪ್ರತ್ಯೇಕ ನೆರವು ಕೊಡಬೇಕು, ಪ್ರಗತಿಯನ್ನು ಗಮನಿಸುತ್ತಿರಬೇಕು ಅಂತ 16ರಲ್ಲಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಸ್ಕ್ರೈಬ್ (ಮಗು ಹೇಳಿದ್ದನ್ನು ಬರೆದುಕೊಡುವವರು), ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವೆಲ್ಲ 17ರಲ್ಲಿವೆ. "ನಮ್ಮದು ಪ್ರೈವೇಟ್ ಶಾಲೆ, ಇದೆಲ್ಲ ನಮಗೆ ಬರಲ್ಲ" ಅಂದರು. ಸರ್ಕಾರದ ಅನುದಾನ ಪಡೆದ ಅಥವಾ ಮಾನ್ಯತೆ ಪಡೆದ ಶಾಲೆಗಳು ಅಂತ ಬರೆದಿದೆ. ಮಾನ್ಯತೆ ಇಲ್ಲದೆ ಯಾವ ಶಾಲೆ ನಡೆಯುತ್ತದೆ? ಆ ಪುಟದ ಪ್ರಿಂಟ್ ತೆಗೆದು ಮೇಜಿನ ಮೇಲೆ ಇಟ್ಟೆ. ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ವಿಶೇಷ ಶಿಕ್ಷಕರು ಇರಲೇಬೇಕು ಅಂತ ಹೇಳುತ್ತದೆ. 2021ರಲ್ಲಿ ಸುಪ್ರೀಂ ಕೋರ್ಟ್ ಕೂಡ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಬೇಕು ಅಂತ ಹೇಳಿತು. ನಿಮ್ಮ ಶಾಲೆಯಲ್ಲಿ ಯಾರಿದ್ದಾರೆ, ಅವರಿಗೆ ಆರ್‌ಸಿಐ (ವಿಶೇಷ ಶಿಕ್ಷಕರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇದೆಯೇ ಅಂತ ಬರವಣಿಗೆಯಲ್ಲೇ ಕೇಳಿ. ನಮ್ಮಲ್ಲಿ ಒಬ್ಬರಿದ್ದರು! ಪ್ರೈಮರಿ ವಿಭಾಗದಲ್ಲಿ ಕೂರಿಸಿದ್ದರು, ಹೈಸ್ಕೂಲ್ ಕಡೆ ಬಂದೇ ಇರಲಿಲ್ಲ.

ಇನ್ನೊಂದು ಪತ್ರ ಬರೆದೆ. ಆ ವಿಶೇಷ ಶಿಕ್ಷಕಿ ನನ್ನ ಮಗಳ ಪಕ್ಕ ಕೂರುವುದು ಬೇಡ, ವಾರಕ್ಕೊಮ್ಮೆ ಪಾಠದ ಟೀಚರ್‌ಗಳ ಜೊತೆ ಕೂರಲಿ ಅಂತ. ಇದಕ್ಕೂ ಒಪ್ಪದಿದ್ದರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ಇದೇ ಪತ್ರ ಕಳಿಸುತ್ತೇವೆ ಅಂತ ಕೊನೆಯಲ್ಲಿ ಸೇರಿಸಿದ್ದೆ. ಕಳಿಸುವ ಅಗತ್ಯ ಬರಲಿಲ್ಲ.

ಮೀಟಿಂಗ್‌ಗೆ ಮಗಳನ್ನೂ ಕರೆದುಕೊಂಡು ಹೋದೆ. ಹಿಂದಿನ ದಿನ ರಾತ್ರಿ ಅವಳಿಗೆ ಮೊಬೈಲ್ ಕೊಟ್ಟು, ಕ್ಲಾಸಲ್ಲಿ ಏನು ಬೇಕು ಏನು ಬೇಡ ಟೈಪ್ ಮಾಡು ಅಂದಿದ್ದೆ. ಅವಳು ಬರೆದದ್ದು: "ಪಕ್ಕದಲ್ಲಿ ದೊಡ್ಡವರು ಬೇಡ. ಫ್ಯಾನ್ ಕೆಳಗೆ ಬೇಡ. ಹೋಂವರ್ಕ್ ಬೋರ್ಡ್ ಮೇಲೆ ಬರೆಯಿರಿ. ಬೈಯುವಾಗ ಯಾರಿಗೆ ಅಂತ ಹೇಳಿ." ಕೊನೆಯದು ನನಗೆ ಗೊತ್ತೇ ಇರಲಿಲ್ಲ. ಟೀಚರ್ ಇಡೀ ಕ್ಲಾಸಿಗೆ ರೇಗಿದಾಗೆಲ್ಲ ತನಗೇ ಬೈದರು ಅಂದುಕೊಂಡು ಡೆಸ್ಕ್ ಕೆಳಗೆ ಹೋಗುತ್ತಿದ್ದಳಂತೆ. ಇಷ್ಟು ವರ್ಷ ನಾವೆಲ್ಲ ಬೆಲ್ ಸದ್ದು ಅಂದುಕೊಂಡಿದ್ದೆವು.

ಆ ಪಟ್ಟಿಯೇ ಹೊಸ ಐಇಪಿ ಆಯಿತು. ಪ್ರತಿ ಸಾಲಿನಲ್ಲೂ ಮಾಡುವವರು ಶಾಲೆಯವರು. ಗಣಿತದ ಟೀಚರ್ ಹೋಂವರ್ಕನ್ನು ಬೋರ್ಡಿನ ಎಡ ಮೂಲೆಯಲ್ಲಿ ಬರೆಯುತ್ತಾರೆ. ಎಲ್ಲ ಟೀಚರ್‌ಗಳೂ ಅವಳ ಹೆಸರು ಹಿಡಿದು ಪ್ರಶ್ನೆ ಕೇಳುತ್ತಾರೆ, ಕೇಳಿ ಹತ್ತು ಸೆಕೆಂಡ್ ಕಾಯುತ್ತಾರೆ, ಮಧ್ಯೆ ಮತ್ತೆ ಕೇಳುವುದಿಲ್ಲ. ಹಸಿರು ಕಾರ್ಡ್ ಡೆಸ್ಕ್ ಮೇಲೆ ಇಟ್ಟರೆ ಕಾರಣ ಕೇಳದೆ ಲೈಬ್ರರಿಗೆ ಬಿಡುತ್ತಾರೆ. ಅಸೆಂಬ್ಲಿಯಲ್ಲಿ ಸ್ಪೀಕರ್‌ನಿಂದ ದೂರದ ಸಾಲು. "ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾಳೆ" ಅಂತ ಒಂದು ಗುರಿ ಬರೆದಿದ್ದರು, ಅದನ್ನು ಹೊಡೆದು ಹಾಕಿಸಿದೆ. ನಿಮ್ಮ ಮಗನ ಹಾಳೆಯಲ್ಲೂ ಅದು ಇದ್ದರೆ ಹೊಡೆದು ಹಾಕಿಸಿ. ಕಣ್ಣು ನೋಡದೆಯೂ ಪಾಠ ಕೇಳಬಹುದು. ಎಷ್ಟೋ ಆಟಿಸ್ಟಿಕ್ ಮಕ್ಕಳಿಗೆ ಹಾಗೇ ಚೆನ್ನಾಗಿ ಕೇಳಿಸುವುದು.

ಎಲ್ಲರೂ ಮಾಡಿದರಾ? ಇಲ್ಲ. ವಿಜ್ಞಾನದವರು ಕೊನೆವರೆಗೂ ಹೋಂವರ್ಕ್ ಬಾಯಲ್ಲೇ ಹೇಳಿದರು. ಸಮಾಜ ವಿಜ್ಞಾನದ ಮೇಷ್ಟ್ರು ಮಾತ್ರ ಹತ್ತು ಸೆಕೆಂಡ್ ಕಾಯುವುದನ್ನು ಇಡೀ ಕ್ಲಾಸಿಗೇ ಮಾಡಿದರು. ಸಾಮಾನ್ಯವಾಗಿ ಬಾಯಿ ಬಿಡದ ಬೇರೆ ಮಕ್ಕಳೂ ಉತ್ತರ ಹೇಳಲು ಶುರು ಮಾಡಿದರು ಅಂತ ಅವರೇ ನನಗೆ ಹೇಳಿದರು. ಮಗಳು ಮೊದಲ ಸಲ ತಾನೇ ಪ್ರೆಸೆಂಟ್ ಅಂದದ್ದೂ ಅವರ ಪಿರಿಯಡ್‌ನಲ್ಲೇ.

ಈಗ ಅರ್ಜೆಂಟ್ ವಿಷಯ. ಮಗ ಎಂಟರಲ್ಲಿದ್ದಾನೆ ಅಂದಿರಿ. ಸಿಬಿಎಸ್‌ಇ ಆದರೆ ಒಂಬತ್ತರ ನೋಂದಣಿ ಹೊತ್ತಿಗೆ ವಿಷಯಗಳು ತೀರ್ಮಾನ ಆಗಿಬಿಡುತ್ತವೆ. ವಿಶೇಷ ಅಗತ್ಯದ ಮಕ್ಕಳು ಎರಡು ಭಾಷೆಯ ಬದಲು ಒಂದೇ ತೆಗೆದುಕೊಳ್ಳಬಹುದು. ಉಳಿದ ನಾಲ್ಕು ವಿಷಯಗಳಲ್ಲಿ ಚಿತ್ರಕಲೆ, ಸಂಗೀತ, ಗೃಹವಿಜ್ಞಾನದಂಥವನ್ನೂ ಆರಿಸಿಕೊಳ್ಳಬಹುದು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು ಸಿಗುತ್ತದೆ. ಆದರೆ ವಿಜ್ಞಾನ ಬಿಟ್ಟರೆ ಮುಂದೆ ಪಿಯುಸಿಯಲ್ಲಿ ಸೈನ್ಸ್ ಇಲ್ಲ ಅನ್ನುವುದು ನೆನಪಿರಲಿ. ಮಗಳು ಅದನ್ನು ಬಿಟ್ಟು ಚಿತ್ರಕಲೆ ತೆಗೆದುಕೊಂಡಳು, ಈಗ ಪಿಯುಸಿ ಕಾಮರ್ಸ್. ಅದು ಅವಳದೇ ಆಯ್ಕೆ. ಸ್ಟೇಟ್ ಸಿಲಬಸ್ ಆದರೆ ಎಸ್ಸೆಸ್ಸೆಲ್ಸಿಗೂ ರಿಯಾಯಿತಿಗಳಿವೆ. ಅರ್ಜಿ ಎಚ್‌ಎಂ ಮೂಲಕವೇ ಹೋಗಬೇಕು. ಸರ್ಕಾರಿ ಶಾಲೆ ಆದರೆ ಬಿಇಒ ಕಚೇರಿಯಲ್ಲಿ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗುವ ಬ್ಲಾಕ್ ಮಟ್ಟದ ಶಿಕ್ಷಕರು) ಯಾರು ಅಂತ ವಿಚಾರಿಸಿ. ಇದಕ್ಕೆಲ್ಲ ಅಂಗವೈಕಲ್ಯ ಪ್ರಮಾಣಪತ್ರ ಬೇಕು, ಯುಡಿಐಡಿ (ಅಂಗವೈಕಲ್ಯದ ಗುರುತಿನ) ಕಾರ್ಡ್ ಇನ್ನೂ ಮಾಡಿಸಿಲ್ಲದಿದ್ದರೆ ಈ ತಿಂಗಳೇ ಅರ್ಜಿ ಹಾಕಿ. ಐಸಾ ಅನ್ನುವ ಮಾಪನದ ಮೇಲೆ ಆಟಿಸಂ ಶೇಕಡಾವಾರು ಹಾಕುತ್ತಾರೆ. 40 ಇಲ್ಲವೇ ಅದಕ್ಕಿಂತ ಹೆಚ್ಚು ಇದ್ದರೆ ಕಾಯ್ದೆಯ ಹೆಚ್ಚಿನ ಸೌಲಭ್ಯಗಳು ಸಿಗುತ್ತವೆ.

ಮಗನಿಗೆ ಫಿಟ್ಸ್ ಬರುತ್ತದೆ, ಶಾಲೆಯಿಂದ ಹೊರಗೆ ಓಡುತ್ತಾನೆ ಅಂತಿದ್ದರೆ ಹತ್ತಿರ ಒಬ್ಬರು ಬೇಕೇ ಬೇಕು, ಆ ಮಾತು ಬೇರೆ. ಆಗಲೂ ಅವರನ್ನು ಶಾಲೆಯೇ ನೇಮಿಸಲಿ, ಅವನ ಬೆಂಚಿನಲ್ಲಿ ಕೂರದೆ ಕ್ಲಾಸಿನ ಹಿಂದೆ ಕೂರಲಿ, ಯಾವ ತಿಂಗಳಿಂದ ಯಾವ ಪಿರಿಯಡ್‌ಗೆ ಬರುವುದು ಬಿಡುತ್ತಾರೆ ಅಂತ ಐಇಪಿಯಲ್ಲೇ ಬರೆಸಿ. ನಿಮ್ಮ ಪ್ರಶ್ನೆಯಲ್ಲಿ ಅಂಥದ್ದೇನೂ ಕಾಣಲಿಲ್ಲ. ಕ್ಲಾಸಲ್ಲಿ ನೋಟ್ಸ್ ಬರೆಯಲ್ಲ, ಗೊಣಗುತ್ತಾನೆ ಅಂತಷ್ಟೇ ಬರೆದಿದ್ದೀರಿ.

ಮೀಟಿಂಗ್‌ಗೆ ಮೊದಲು ಅವನನ್ನೇ ಕೇಳಿ: ಯಾವ ಪಿರಿಯಡ್ ಕಷ್ಟ, ಯಾವ ಟೀಚರ್ ಪರವಾಗಿಲ್ಲ, ನೋಟ್ಸ್ ಯಾಕೆ ಬರೆಯಲ್ಲ. ಬಾಯಲ್ಲಿ ಹೇಳದಿದ್ದರೆ ಟೈಪ್ ಮಾಡಲಿ, ಅಥವಾ ಟೈಮ್‌ಟೇಬಲ್ ಕೊಟ್ಟು ಟಿಕ್ ಹಾಕಿಸಿ. ಶಾಲೆ ಕೊಟ್ಟ ಹಾಳೆಗೆ ಅಲ್ಲೇ ಸಹಿ ಮಾಡಬೇಡಿ, ಮನೆಗೆ ತನ್ನಿ. "ಶ್ಯಾಡೋ" ಅಂತ ಇರುವ ಕಡೆಯೆಲ್ಲ ಗೆರೆ ಎಳೆದು, ಅಲ್ಲಿ ಯಾವ ಟೀಚರ್ ಏನು ಮಾಡಬೇಕು ಅಂತ ನೀವೇ ಬರೆದು ವಾಪಸ್ ಕಳಿಸಿ. ಬೇಕಿದ್ದರೆ ಹೆಸರುಗಳನ್ನೆಲ್ಲ ತೆಗೆದು ಆ ಹಾಳೆಯ ಮಾತುಗಳನ್ನು ಇಲ್ಲೇ ಹಾಕಿ, ಸಾಲು ಸಾಲಾಗಿ ನೋಡಿ ಹೇಳುತ್ತೇನೆ.