ದೇಶದ ಜಾಗಕ್ಕೆ ಪಹಣಿ ಕೊಡೋರು ಯಾರು?

ಕಾರವಾರ ಬಳಿಯ ಬಿಣಗಾದ ಓದುಗರೊಬ್ಬರು ಕೇಳಿದ್ದಾರೆ: ‘ಅಂಜುದೀವ ದ್ವೀಪ ನಮ್ಮ ಕಣ್ಣೆದುರಿಗೇ ಇದೆ, ಆದರೂ ಗೋವಾಕ್ಕೆ ಸೇರಿದೆ. ನನ್ನ ಗದ್ದೆಗೆ ಪಹಣಿ ಇದೆ. ದೇಶದ ಜಾಗಕ್ಕೆ ಪಹಣಿ ಕೊಡುವವರು ಯಾರು?’

ಯಾರೂ ಇಲ್ಲ. ನಿಮ್ಮ ಗದ್ದೆಗೆ ತಕರಾರು ಬಂದರೆ ತಹಶೀಲ್ದಾರರಿದ್ದಾರೆ, ಕೋರ್ಟ್ ಇದೆ, ಆದೇಶ ಜಾರಿಗೆ ಪೊಲೀಸರಿದ್ದಾರೆ. ದೇಶಗಳ ತಲೆಯ ಮೇಲೆ ಅಂಥ ಕಚೇರಿ ಇಲ್ಲ. ಹೇಗ್‌ನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಇದೆ, ನಿಜ. ಆದರೆ ಅದು ತನ್ನನ್ನು ಒಪ್ಪಿಕೊಂಡ ದೇಶಗಳ ವ್ಯಾಜ್ಯವನ್ನು ಮಾತ್ರ ಕೇಳುತ್ತದೆ.

ಹಿಂದೆ ರಾಜರು ಊರಿಗೆ ಊರನ್ನೇ ಮನೆ ಆಸ್ತಿಯಂತೆ ಕೊಟ್ಟು ತೆಗೆದುಕೊಳ್ಳುತ್ತಿದ್ದರು. ಅದರ ಕಷ್ಟ ಉಂಡದ್ದು ನಿಮ್ಮ ಅಂಜುದೀವವೇ. 1661ರ ಮದುವೆ ಒಪ್ಪಂದದಲ್ಲಿ ಪೋರ್ಚುಗಲ್ ಮುಂಬಯಿಯನ್ನು ಇಂಗ್ಲೆಂಡಿನ ರಾಜನಿಗೆ ವರದಕ್ಷಿಣೆಯಾಗಿ ಬರೆದುಕೊಟ್ಟಿತು. ವಶಕ್ಕೆ ಪಡೆಯಲು ಇಂಗ್ಲೆಂಡಿನ ಅಧಿಕಾರಿ ಅಬ್ರಹಾಂ ಶಿಪ್‌ಮನ್ ಸೈನಿಕರೊಂದಿಗೆ ಬಂದರೆ, ಇಲ್ಲಿನ ಪೋರ್ಚುಗೀಸ್ ಅಧಿಕಾರಿಗಳು ‘ಕಾಗದಪತ್ರ ಸರಿಯಿಲ್ಲ’ ಅಂದುಬಿಟ್ಟರು. ಎಲ್ಲೋ ಕೇಳಿದ ಮಾತು, ಅಲ್ವಾ? ಕೊನೆಗೆ ಆ ಸೈನಿಕರು ಅಂಜುದೀವದಲ್ಲಿ ಇಳಿದು ಕಾದರು. ಕಾಯಿಲೆ ಬಿದ್ದು ನೂರಾರು ಜನ ಸತ್ತರು. 1664ರಲ್ಲಿ ಶಿಪ್‌ಮನ್ ಕೂಡ ಅಲ್ಲೇ ತೀರಿಕೊಂಡ. ಉಳಿದವರ ಕೈಗೆ ಮುಂಬಯಿ ಸಿಕ್ಕಿದ್ದು 1665ರಲ್ಲಿ. 1668ರಲ್ಲಿ ರಾಜ ಅದನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ದಾಟಿಸಿದ. ಮುಂಬಯಿಯ ಜನರನ್ನು ಕೇಳಿದವರು ಯಾರೂ ಇಲ್ಲ.

ಒಡೆತನ ಬೇರೆ, ಅನುಭೋಗ ಬೇರೆ. ಶಿರಸಿ ಕಡೆಯವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ: ಸೊಪ್ಪಿನ ಬೆಟ್ಟದಿಂದ ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರಬಹುದು, ನೆಲ ಸರ್ಕಾರದ್ದು. ಗುಜರಾತ್ ಪಕ್ಕದಲ್ಲಿ ಪೋರ್ಚುಗೀಸರ ಕೈಯಲ್ಲಿದ್ದ ದಾದ್ರಾ-ನಗರಹವೇಲಿಯ ಜಗಳವೂ ಇದೇ. ಮರಾಠರು ಪೋರ್ಚುಗೀಸರಿಗೆ ಕೊಟ್ಟದ್ದು ಕಂದಾಯದ ಹಕ್ಕು ಮಾತ್ರ ಎಂದು ಭಾರತ ಹೇಗ್‌ನಲ್ಲಿ ವಾದಿಸಿತು. ಕೊಟ್ಟದ್ದು ಅಷ್ಟೇ ಹೌದು, ಆದರೆ ಆಮೇಲೆ ಬ್ರಿಟಿಷರು ತಕರಾರು ಎತ್ತದೆ ಅವರ ಒಡೆತನವನ್ನೇ ಒಪ್ಪಿಕೊಂಡಿದ್ದರು ಎಂದಿತು 1960ರ ತೀರ್ಪು. ಪೋರ್ಚುಗೀಸ್ ಜನಕ್ಕೆ, ಸರಕಿಗೆ ಅಲ್ಲಿಗೆ ಹೋಗಲು ದಾರಿ ಇತ್ತು, ಸೈನ್ಯಕ್ಕೆ ಇರಲಿಲ್ಲ ಎಂದೂ ಹೇಳಿತು. ನೋಡಿ, ನೆರೆಯವರು ಸುಮ್ನೆ ಇದ್ದರೂ ಹಕ್ಕು ಗಟ್ಟಿಯಾಗುತ್ತದೆ. ದೇಶಗಳ ಪಹಣಿ ಅಂದರೆ ಹೆಚ್ಚುಕಡಿಮೆ ಇಷ್ಟೇ.

ಅಂಜುದೀವವನ್ನು ನಮ್ಮ ನೌಕಾಪಡೆ ಪೋರ್ಚುಗೀಸರಿಂದ 1961ರ ಡಿಸೆಂಬರ್‌ನಲ್ಲಿ ಗುಂಡಿನ ಕಾಳಗ ಮಾಡಿಯೇ ಪಡೆಯಿತು. ನಮ್ಮ ಏಳು ನೌಕಾಯೋಧರು ಪ್ರಾಣ ಕೊಟ್ಟರು. ಗೋವಾ ಭಾರತದ್ದು ಎಂದು ಪೋರ್ಚುಗಲ್ ಸಹಿ ಹಾಕಿದ್ದು 1974ರ ಕೊನೆಗೆ. ದ್ವೀಪ ಅವರ ಕಾಲದಲ್ಲಿ ಗೋವಾದ ಆಡಳಿತದಲ್ಲಿತ್ತು, ಅದೇ ಗಡಿ ಮುಂದುವರಿಯಿತು. ದಡಕ್ಕೆ ಹತ್ತಿರ ಎಂಬುದು ಲೆಕ್ಕಕ್ಕೆ ಬರಲಿಲ್ಲ. ಈಗಲೂ ಅದು ಕಾಗದದಲ್ಲಿ ಗೋವಾದ ಕಾಣಕೋಣ ತಾಲ್ಲೂಕು. ಆದರೆ ಅಲ್ಲಿ ಕಾಲಿಡಬೇಕೆಂದರೆ ಕಾರವಾರದವರಾಗಲಿ ಗೋವಾದವರಾಗಲಿ ಕೇಳಬೇಕಾದ್ದು ನೌಕಾಪಡೆಯನ್ನು.

– ಸಂಪಾದಕ